ಓಎಸ್‌ಎಂ: 40 ಮಕ್ಕಳು, 2 ಗಂಟೆ ಲ್ಯಾಬ್. ಯಾವ ಕೆಲಸ ಕೊಡಲಿ?

ಲ್ಯಾಬ್‌ಮೇಡಂ:
ಎಲ್ಲರಿಗೂ ನಮಸ್ಕಾರ. ಕೋಲಾರದ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಬಿಸಿಎ ಎರಡನೇ ವರ್ಷದ 40 ಮಕ್ಕಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ (ಓಎಸ್‌ಎಂ, ಯಾರು ಬೇಕಾದರೂ ತಿದ್ದಬಹುದಾದ ಜಾಲನಕ್ಷೆ) ಕೆಲಸಕ್ಕೆ ಹಚ್ಚಿ, "ನಿಮ್ಮೂರಿನ ಮನೆಗಳನ್ನೆಲ್ಲ ಬಿಡಿಸಿ" ಅಂದುಬಿಟ್ಟೆ. ಎಡವಟ್ಟಾಯಿತು. ಒಂದೇ ಮನೆಯನ್ನು ಮೂರು ಜನ ಬಿಡಿಸಿದ್ದಾರೆ, ಅರ್ಧಕ್ಕರ್ಧ ಸೊಟ್ಟ, ಒಂದು ಬೀದಿಯ ಸಾಲು ಪೂರ್ತಿ ರಸ್ತೆ ಮೇಲೇ ಕೂತಿದೆ. ಒಬ್ಬ ಅಂತೂ ತನ್ನ ಮನೆಗೆ "ಅರಮನೆ" ಅಂತ ಹೆಸರಿಟ್ಟಿದ್ದಾನೆ. ಮಾರನೇ ದಿನ ಹಳೇ ಮ್ಯಾಪರ್ ಒಬ್ಬರು ಎಲ್ಲ ರಿವರ್ಟ್ ಮಾಡಿ (ಮೊದಲಿದ್ದ ಹಾಗೆ ಮಾಡಿ), ಚೇಂಜ್‌ಸೆಟ್ (ಒಟ್ಟಿಗೆ ಉಳಿಸಿದ ತಿದ್ದುಪಡಿಗಳ ಕಟ್ಟು) ಕೆಳಗೆ ಸಮಾಧಾನವಾಗಿಯೇ ಬುದ್ಧಿ ಹೇಳಿದ್ದಾರೆ. ಮಕ್ಕಳ ಮುಖ ಸಪ್ಪಗಾಗಿದೆ. ಇನ್ನೂ ನಾಲ್ಕು ಲ್ಯಾಬ್ ಇವೆ. ನಕ್ಷೆ ಕೆಡದ ಹಾಗೆ, ಕೂತಲ್ಲೇ ಮುಗಿಯುವ ಸಣ್ಣ ಕೆಲಸ ಎಲ್ಲಿ ಹುಡುಕಲಿ?

ಸೈಕಲ್‌ಸವಾರ:
ಮೇಡಂ, ಸೊಟ್ಟ ಮನೆಗೆ ಮದ್ದಿದೆ. ಬ್ರೌಸರಿನಲ್ಲೇ ನಕ್ಷೆ ತಿದ್ದುವ ಐಡಿ ಎಡಿಟರಿನಲ್ಲಿ ಮನೆ ಆರಿಸಿ ಕ್ಯೂ ಒತ್ತಿದರೆ ಮೂಲೆಗಳು ನೆಟ್ಟಗಾಗುತ್ತವೆ. ಸಾಲು ರಸ್ತೆಗೆ ಜಾರಿದ್ದು ಬಹುಶಃ ಉಪಗ್ರಹ ಚಿತ್ರದ ದೆಸೆಯಿಂದ. ಬಿಂಗ್ ಚಿತ್ರಕ್ಕೂ ಎಸ್ರಿ ಚಿತ್ರಕ್ಕೂ ಕೆಲವು ಮೀಟರ್ ವ್ಯತ್ಯಾಸ ಇರುತ್ತದೆ, ಯಾರು ಯಾವುದನ್ನು ಹಾಕಿಕೊಂಡಿದ್ದರೋ.

ಆದರೆ ಹೊಸಬರಿಗೆ ಮನೆ ಬಿಡಿಸುವ ಕೆಲಸವೇ ಬೇಡ ಅನ್ನುತ್ತೇನೆ. ಇರುವುದನ್ನು ತುಂಬಿಸುವ ಕೆಲಸ ಕೊಡಿ. ಓವರ್‌ಪಾಸ್ ಟರ್ಬೊ (ಓಎಸ್‌ಎಂ ಮಾಹಿತಿ ಹುಡುಕುವ ಜಾಲತಾಣ) ತೆರೆದು ನಿಮ್ಮ ತಾಲ್ಲೂಕಿನಲ್ಲಿ "ನೇಮ್" ಟ್ಯಾಗ್ (ಹೆಸರಿನ ಖಾನೆ) ಇದ್ದು "ನೇಮ್:ಕೆಎನ್" (ಕನ್ನಡ ಹೆಸರಿನ ಖಾನೆ) ಇಲ್ಲದ ಹಳ್ಳಿಗಳನ್ನು ಹುಡುಕಿ. ಬಂದ ಪಟ್ಟಿಯನ್ನು ನಕ್ಷೆಯ ಸಣ್ಣ ಸಣ್ಣ ಕೆಲಸ ಹಂಚುವ ಮ್ಯಾಪ್‌ರೂಲೆಟ್‌ ತಾಣದಲ್ಲಿ ಚಾಲೆಂಜ್ ಮಾಡಿ ಹಾಕಿ. ಒಬ್ಬರು ಕೈಗೆತ್ತಿಕೊಂಡದ್ದು ಇನ್ನೊಬ್ಬರಿಗೆ ಹೋಗದಂತೆ ಅದೇ ನೋಡಿಕೊಳ್ಳುತ್ತದೆ. ಮೂರು ಜನ ಒಂದೇ ಮನೆ ಕಟ್ಟುವ ಕಥೆ ಅಲ್ಲಿಗೆ ಮುಗೀತು.

ಲ್ಯಾಬ್‌ಮೇಡಂ:
ಪಟ್ಟಿ ಬಂತು ಸರ್, ಥ್ಯಾಂಕ್ಸ್. ಹೊಸ ತಲೆನೋವು: ಮಕ್ಕಳು ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಕನ್ನಡ ಬರೆಯುತ್ತಿದ್ದಾರೆ. ಮೊದಲು ಹಾಳೆ ಮೇಲೆ ಬರೆಸಿ ನೋಡಿದೆ, ಮಾಲೂರು "ಮಲುರ್" ಆಯಿತು, ಮುಳಬಾಗಿಲು "ಮುಲ್ಬಗಲ್" ಆಯಿತು. ಬರೆದವಳು ಮುಳಬಾಗಿಲಿನವಳೇ! ಗೂಗಲ್ ಮ್ಯಾಪ್ ನೋಡಿ ತಿದ್ದಿಸಲೇ?

ಕೋಡಿಬಿದ್ದಕೆರೆ:
ಗೂಗಲ್ ಮುಟ್ಟಬೇಡಿ ಮೇಡಂ. ಅದರಿಂದ ನಕಲು ಮಾಡುವ ಹಾಗಿಲ್ಲ, ಗೊತ್ತಾದರೆ ಅಳಿಸಿಹಾಕುತ್ತಾರೆ. ಮತ್ತೆ ರಿವರ್ಟ್, ಮತ್ತೆ ಸಪ್ಪೆ ಮುಖ.

ಹೆಸರಿಗೆ ಊರೊಳಗಿನ ಬೋರ್ಡೇ ಆಧಾರ: ಶಾಲೆ ಗೋಡೆ, ಪಂಚಾಯ್ತಿ ಕಚೇರಿ, ಎಲ್ಲಕ್ಕಿಂತ ಹಾಲಿನ ಡೇರಿ. ನಿಮ್ಮ ಕಡೆ ಹಾಲು ಉತ್ಪಾದಕರ ಸಂಘದ ಬೋರ್ಡಿಲ್ಲದ ಹಳ್ಳಿ ಅಪರೂಪ. ಅದರಲ್ಲಿ ಊರಿನ ಹೆಸರು ಕನ್ನಡದಲ್ಲಿ ದಪ್ಪಗೆ ಬರೆದಿರುತ್ತದೆ, ಲ ಯಾವುದು ಳ ಯಾವುದು ಅಂತ ಜಗಳವೇ ಇಲ್ಲ. ಬಸ್ಸಲ್ಲಿ ಓಡಾಡುವ ಮಕ್ಕಳಿಗೆ ಅವರವರ ದಾರಿಯ ಊರುಗಳನ್ನೇ ಹಂಚಿ, ಫೋಟೊ ಹೊಡೆದು ತರಲಿ. ಲ್ಯಾಬಿನಲ್ಲಿ ಟೈಪ್ ಮಾಡುವುದಷ್ಟೇ ಉಳಿಯುತ್ತದೆ.

ಇನ್ನೊಂದು, ನನಗೆ ಪ್ರೀತಿಯ ಕೆಲಸ: ಕೆರೆ. ಒಬ್ಬರಿಗೆ ಒಂದೇ ಕೆರೆ. ಹೆಸರೇನು, ನೀರು ವರ್ಷಪೂರ್ತಿ ಇರುತ್ತದೋ ಮಳೆಗಾಲಕ್ಕಷ್ಟೋ, ಕೋಡಿ ಎಲ್ಲಿದೆ, ಏರಿ ಮೇಲೆ ಗಾಡಿ ಹೋಗುತ್ತದೋ. ನಾಲ್ಕು ಪ್ರಶ್ನೆ, ನಾಲ್ಕೂ ಹೋಗಿ ನೋಡಿದರೇ ಗೊತ್ತಾಗುವಂಥವು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ನೀರು 2018ರಿಂದ ಬರುತ್ತಿದೆಯಲ್ಲ, ಹಳೇ ಚಿತ್ರದಲ್ಲಿ ಒಣಗಿ ಬಿರಿದ ಕೆರೆ ಈಗ ತುಂಬಿರಬಹುದು. ನಾನೇ ಒಮ್ಮೆ ಮನೆಯಲ್ಲಿ ಕೂತು, ಹಸಿರು ಕಂಡಿತು ಅಂತ ಹುಲ್ಲುಗಾವಲು ಎಂದು ಹಾಕಿದ್ದೆ. ಹೋಗಿ ನೋಡಿದರೆ ಕೆರೆಯಂಗಳದ ತುಂಬ ಜಾಲಿ! ಮಳೆಗಾಲಕ್ಕಷ್ಟೇ ನೀರು ನಿಲ್ಲುವುದಾದರೆ "ಇಂಟರ್‌ಮಿಟೆಂಟ್" ಟ್ಯಾಗ್ ಮರೆಯಬಾರದು.

ಸೈಕಲ್‌ಸವಾರ:
ಆಂಡ್ರಾಯ್ಡ್ ಇದ್ದವರಿಗೆ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಹಾಕಿಸಿ. ಬಸ್ ಸ್ಟಾಪಿಗೆ ತಂಗುದಾಣ ಇದೆಯಾ, ರಸ್ತೆ ಡಾಂಬರೋ ಮಣ್ಣೋ ಅಂತ ಆ್ಯಪೇ ಕೇಳುತ್ತದೆ, ನಿಂತಲ್ಲೇ ಉತ್ತರ. ಟ್ಯಾಗ್ ಕಲಿಯಬೇಕಾಗಿಲ್ಲ. ಹಾಂ, ಖಾತೆಗಳನ್ನು ಹಿಂದಿನ ದಿನವೇ ಅವರವರ ಮನೆಯಿಂದ ತೆರೆಸಿ, 40 ಜನ ಒಂದೇ ನೆಟ್‌ವರ್ಕಿನಿಂದ ನುಗ್ಗಿದರೆ ಕಷ್ಟ. ತರಗತಿಯ ಕೆಲಸ ಅಂದರೆ ಸಂಘಟಿತ ಎಡಿಟಿಂಗ್ ಅಂತ ಲೆಕ್ಕ. ಓಎಸ್‌ಎಂನ 2018ರ ಮಾರ್ಗಸೂಚಿ ಪ್ರಕಾರ ಅದರದೇ ವಿಕಿಯಲ್ಲಿ ಒಂದು ಪುಟ ಮಾಡಿ ಎರಡು ವಾರ ಮುಂಚೆ ತಿಳಿಸಿ. ಎಲ್ಲರ ಚೇಂಜ್‌ಸೆಟ್‌ಗೂ ಒಂದೇ ಹ್ಯಾಶ್‌ಟ್ಯಾಗ್ ಇರಲಿ. ರಿವರ್ಟ್ ಮಾಡಿದ ಆ ಹಳಬರನ್ನೇ ಕರೆದು ಪಟ್ಟಿ ತೋರಿಸಿ, ಖುಷಿಪಡುತ್ತಾರೆ.

ಲ್ಯಾಬ್‌ಮೇಡಂ:
ಪುಟ ಹಾಕಿ, ಎರಡು ವಾರ ಕಾದು, ಇವತ್ತು ಲ್ಯಾಬ್ ಮಾಡಿದೆ. ಊರಿನ ಹೆಸರು ಹಾಕಿದ್ದು ಒಂದೂ ರಿವರ್ಟ್ ಆಗಿಲ್ಲ. "ಅರಮನೆ" ಹುಡುಗನೇ ಎಲ್ಲರಿಗಿಂತ ಹೆಚ್ಚು ಡೇರಿ ಬೋರ್ಡ್ ಹೊಡೆದು ತಂದಿದ್ದಾನೆ. ಎರಡು ಸಂಶಯ ಉಳಿದಿವೆ. ಒಂದು ಕೆರೆಗೆ ಬೋರ್ಡಿನಲ್ಲಿ "ದೊಡ್ಡಕೆರೆ" ಅಂತಿದೆ, ಹುಡುಗಿಯ ಅಜ್ಜಿ ಮಾತ್ರ "ಅಮ್ಮನಕೆರೆ" ಅಂತಾರೆ. ಯಾವುದು ಹಾಕೋದು? ಐಫೋನ್ ಇಟ್ಟುಕೊಂಡ ಇಬ್ಬರಿಗೆ ಏನು ಮಾಡೋದು?

ಕೋಡಿಬಿದ್ದಕೆರೆ:
ಎರಡೂ ಹಾಕಿ. ಬೋರ್ಡಿನದು "ನೇಮ್"ಗೆ, ಅಜ್ಜಿಯದು "ಆಲ್ಟ್ ನೇಮ್" (ಇನ್ನೊಂದು ಹೆಸರು) ಖಾನೆಗೆ. ಊರಲ್ಲಿ ಇನ್ನಿಬ್ಬರನ್ನು ಕೇಳಿಕೊಂಡು ಬರಲಿ, ಎಲ್ಲರೂ ಅಜ್ಜಿ ಹಾಗೇ ಅಂದರೆ ಅದಲುಬದಲು ಮಾಡಬಹುದು. ಐಫೋನಿಗೆ ಎವೆರಿ ಡೋರ್ ಅನ್ನುವ ಆ್ಯಪ್ ಇದೆ, ಅಂಗಡಿಗಳನ್ನು ಸೇರಿಸಲು ಅದೇ ಸಲೀಸು. ಆ ಇಬ್ಬರನ್ನು ಪೇಟೆ ಬೀದಿಗೆ ಕಳಿಸಿ.