ಕಾರಿಗೆ ಪಾಲಿಶ್ ‘ಹಚ್ಚುವುದಾ’, ‘ಮಾಡುವುದಾ’? ಬೆಳಗು, ಮೇಣ, ಹೊತ್ತು: ಕೆಲವು ಪದಗಳ ಬಗ್ಗೆ

ಗೆಳೆಯರೇ, ನಮಸ್ಕಾರ.

ನನ್ನ ತಮ್ಮ ಹಾಸನದ ಹತ್ತಿರ ಒಂದು ವಾಟರ್ ಸರ್ವಿಸ್, ಅಂದರೆ ಗಾಡಿ ತೊಳೆಯುವ ಅಂಗಡಿ, ಇಟ್ಟಿದ್ದಾನೆ. ಆಯುಧಪೂಜೆಗೆ ಮುಂಚೆ ಅಂಗಡಿ ಮುಂದೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಬೇಕು, ಬರೆದುಕೊಡು ಅಂದ. ಅವನಿಗೆ ಬೇಕಿದ್ದದ್ದು ಇಷ್ಟೇ. ಕಾರು ತೊಳೆಯಲು ಎಷ್ಟು ಹೊತ್ತು, ಪಾಲಿಶ್‌ಗೆ ಎಷ್ಟು ಹೊತ್ತು, ವ್ಯಾಕ್ಸ್‌ಗೆ, ಅಂದರೆ ಬಣ್ಣದ ಮೇಲೆ ಹಚ್ಚುವ ಮೇಣಕ್ಕೆ, ಎಷ್ಟು ಹೊತ್ತು. ಮೂರು ಸಾಲು. ಬರೆಯಲು ಕೂತು ಮೂರು ದಿನವಾಯಿತು, ಎರಡನೇ ಸಾಲಿನಲ್ಲೇ ನಿಂತಿದ್ದೇನೆ.

ತೊಳೆಯುವ ಸಾಲು ಸಲೀಸು. ನೀರು ಹಾಯಿಸಿ ಮಣ್ಣು ಇಳಿಸಬೇಕು. ಶಾಂಪೂ ನೀರಲ್ಲಿ ಮೇಲಿನಿಂದ ಕೆಳಕ್ಕೆ ಉಜ್ಜಬೇಕು. ಚಕ್ರಕ್ಕೆ ಬೇರೆ ಬಟ್ಟೆ. ಕೊನೆಗೆ ಒರೆಸಬೇಕು. ಸಣ್ಣ ಕಾರಿಗೆ ಮುಕ್ಕಾಲು ಗಂಟೆ, ದೊಡ್ಡದಕ್ಕೆ ಒಂದು ಗಂಟೆ ಮೇಲೆ. ತೊಳೆ, ಉಜ್ಜು, ಒರೆಸು ಮೂರಕ್ಕೂ ಅದರದರ ಜಾಗ ಇದೆ, ಯಾರೂ ತಪ್ಪು ತಿಳಿಯುವುದಿಲ್ಲ. ಈಗ ಬಂದಿರುವ ‘ವಾಟರ್‌ಲೆಸ್ ವಾಷ್’ ಮಾತ್ರ ನನ್ನನ್ನು ಸ್ವಲ್ಪ ಕಾಡಿತು. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಅಲ್ಲಿರುವವರಿಗೆ ಈ ಮಾತು ಚೆನ್ನಾಗಿ ಗೊತ್ತಿರುತ್ತದೆ. ದ್ರಾವಣ ಸಿಂಪಡಿಸಿ ಬಟ್ಟೆಯಲ್ಲಿ ತೆಗೆಯುವ ಆ ಕೆಲಸವನ್ನು ‘ನೀರಿಲ್ಲದೆ ತೊಳೆಯುವುದು’ ಅಂದರೆ ನನ್ನ ಕಿವಿಗೆ ಒಗ್ಗುವುದಿಲ್ಲ. ನೀರಿಲ್ಲ ಅಂದಮೇಲೆ ಅದು ಒರೆಸುವುದೇ.

ಇನ್ನು ಪಾಲಿಶ್. ಎರಡು ವರ್ಷದ ಕೆಳಗೆ ಬೇರೆ ಊರಿನ ಒಂದು ಕಡೆ ನನ್ನ ಕಾರು ಬಿಟ್ಟು ‘ಪಾಲಿಶ್ ಮಾಡಿ’ ಅಂದಿದ್ದೆ. ಒಂದು ಗಂಟೆಯಲ್ಲಿ ಫೋನ್ ಬಂತು, ಆಯ್ತು ಬನ್ನಿ ಅಂತ. ಗಾಡಿ ಫಳಫಳ ಹೊಳೆಯುತ್ತಿತ್ತು. ಎರಡು ತಿಂಗಳು ಕಳೆಯಿತು. ಬಾನೆಟ್ ಮೇಲಿನ ಸಣ್ಣ ಗೀರುಗಳು ಎಲ್ಲಿದ್ದವೋ ಅಲ್ಲೇ ಮತ್ತೆ ಕಂಡವು. ಅವರು ಹಚ್ಚಿದ್ದು ವ್ಯಾಕ್ಸ್. ಕೇಳಿದರೆ, ‘ಪಾಲಿಶ್ ಹಚ್ಚಿದ್ದೀವಲ್ಲ ಸಾರ್’ ಅಂದರು. ಆಗ ಸಿಟ್ಟು ಬಂದಿತ್ತು. ಈಗ ಬೋರ್ಡ್ ಬರೆಯಲು ಕೂತಾಗ ಅನಿಸುತ್ತಿದೆ, ನಾನು ಹೇಳಿದ್ದೇ ಒಂದು, ಅವರು ಕೇಳಿಸಿಕೊಂಡದ್ದೇ ಒಂದು.

ಕೆಲಸ ನೋಡಿದರೆ ಎರಡೂ ಒಂದಕ್ಕೊಂದು ತಿರುಗುಮುರುಗು. ಪಾಲಿಶ್ ತೆಗೆಯುತ್ತದೆ, ವ್ಯಾಕ್ಸ್ ಸೇರಿಸುತ್ತದೆ. ಪಾಲಿಶ್ ಅಂದರೆ ನುಣ್ಣನೆಯ ಹರಳುಪುಡಿ ಇರುವ ಮುಲಾಮು. ಅದನ್ನು ಇಟ್ಟು ತಿಕ್ಕಿದಾಗ ಬಣ್ಣದ ಮೇಲಿನ ಪದರ ಒಂದಿಷ್ಟು ಸವೆದು ಗೀರಿನ ಅಂಚುಗಳು ಸಮ ಆಗುತ್ತವೆ. ಈಗಿನ ಕಾರುಗಳಲ್ಲಿ ಬಣ್ಣದ ಮೇಲಿರುವ ಪಾರದರ್ಶಕ ಪದರದ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ತಲೆಕೂದಲಿಗಿಂತ ತೆಳು. ಹಾಗಾಗಿ ಪಾಲಿಶ್ ಪದೇ ಪದೇ ಮಾಡಿಸುವಂಥದ್ದಲ್ಲ. ಹಳೇ ಗಾಡಿಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದಿತ್ತು. ಅಪ್ಪನ ಹತ್ತಿರ 1994ರ ಒಂದು ಕೆಂಪು ಕಾರಿತ್ತು. ಅದಕ್ಕೆ ಬಣ್ಣದ ಮೇಲೆ ಬೇರೆ ಪದರ ಇರಲಿಲ್ಲ. ಅಪ್ಪ ಕೈಯಲ್ಲೇ ಪಾಲಿಶ್ ಮಾಡಿ ಮುಗಿಸುವಷ್ಟರಲ್ಲಿ ಬಿಳಿ ಬನಿಯನ್ ಬಟ್ಟೆ ಕೆಂಪಗಾಗಿರುತ್ತಿತ್ತು. ಗಾಡಿಯ ಬಣ್ಣವೇ ಬಟ್ಟೆಗೆ ಬಂದಿರುತ್ತಿತ್ತು.

ಹಾಗಾದರೆ ಕನ್ನಡದಲ್ಲಿ ಪಾಲಿಶ್ ಅಂದರೆ ಏನು? ನಾನು ಗಮನಿಸಿದ್ದು ಇದು. ಬೂಟ್ ಪಾಲಿಶ್ ಹಚ್ಚುತ್ತೇವೆ. ಆ ಡಬ್ಬಿಯಲ್ಲೂ ಮೇಣ ಇರುತ್ತದೆ. ನೇಲ್ ಪಾಲಿಶ್ ಹಚ್ಚುತ್ತೇವೆ, ಅದೂ ಸೇರಿಸುವುದೇ. ಆದರೆ ಪಾಲಿಶ್ ಮಾಡಿದ ಅಕ್ಕಿ ಅಂದರೆ ತೌಡು ತೆಗೆದದ್ದು. ಗ್ರಾನೈಟ್ ನೆಲ ಪಾಲಿಶ್ ಮಾಡಿಸಿದರೆ ಕಲ್ಲು ಸವೆಯುತ್ತದೆ. ಅಂದರೆ ‘ಪಾಲಿಶ್ ಹಚ್ಚು’ ಅಂದಲ್ಲಿ ಮೇಲೆ ಏನೋ ಕೂರುತ್ತದೆ, ‘ಪಾಲಿಶ್ ಮಾಡು’ ಅಂದಲ್ಲಿ ಮೇಲಿಂದ ಏನೋ ಹೋಗುತ್ತದೆ. ಇಂಗ್ಲಿಷಿನಿಂದ ಬಂದ ಒಂದೇ ಪದವನ್ನು ನಮ್ಮ ಜನ ಕ್ರಿಯಾಪದ ಬದಲಿಸಿ ಎರಡು ಮಾಡಿಕೊಂಡಿದ್ದಾರೆ. ಇದು ನನಗೆ ತುಂಬ ಹಿಡಿಸಿತು. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಎರಡೂ ಕಲಸಿಹೋಗಿವೆ. ಗ್ಯಾರೇಜ್ ಹುಡುಗರು ತಮ್ಮೊಳಗೆ ಗೀರು ತೆಗೆಯುವ ಕೆಲಸಕ್ಕೆ ‘ರಬ್ಬಿಂಗ್’ ಅಂತ ಬೇರೆ ಪದ ಇಟ್ಟುಕೊಂಡು ಪಾರಾಗುತ್ತಾರೆ. ಗಿರಾಕಿಗೆ ಅದು ತಿಳಿಯುವುದಿಲ್ಲ.

ನನ್ನ ಸಲಹೆ ಅಡುಗೆಮನೆಯಿಂದ ಬಂದದ್ದು. ನಮ್ಮಜ್ಜಿ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ‘ಬೆಳಗುತ್ತಿದ್ದರು’. ಹುಣಸೆಯ ಹುಳಿ ಕಿಲುಬು ಬಿಡಿಸುತ್ತದೆ, ಬೂದಿ ತಿಕ್ಕುತ್ತದೆ, ಒಳಗಿನ ಹೊಳಪು ಹೊರಗೆ ಬರುತ್ತದೆ. ಕಾರಿನ ಪಾಲಿಶ್ ಅಂದರೆ ಇದೇ ಅಲ್ವಾ? ಇನ್ನೊಂದು ಕಡೆ ಕಲಾಯಿ. ಕಾದ ಪಾತ್ರೆಗೆ ನವಸಾಗರ ಹಾಕಿ, ತವರ ಸವರಿ, ಒಳಗೆ ಹೊಸ ಪದರ ಕೂರಿಸುವುದು. ಹುಳಿ ಪದಾರ್ಥ ಲೋಹಕ್ಕೆ ತಾಗಬಾರದು ಅಂತ. ವ್ಯಾಕ್ಸ್ ಮಾಡುವುದೂ ಇಂಥದ್ದೇ ಕಾವಲು. ಬೆಳಗದೆ ಕಲಾಯಿ ಹಾಕಿದರೆ ಅದು ನಿಲ್ಲುವುದಿಲ್ಲ. ಗೀರು ತೆಗೆಯದೆ ವ್ಯಾಕ್ಸ್ ಹಚ್ಚಿದರೆ ಗೀರು ಒಳಗೇ ಉಳಿಯುತ್ತದೆ.

ಹಳಗನ್ನಡದಲ್ಲಿ ‘ಒಪ್ಪವಿಡು’ ಇತ್ತು, ಹೊಳಪು ಬರುವಂತೆ ಉಜ್ಜು ಅಂತ. ಒಪ್ಪ ಓರಣ ಅನ್ನುವಲ್ಲಿ ಅದು ಇನ್ನೂ ಉಳಿದಿದೆ. ಚೆಂದದ ಪದ, ಆದರೆ ಬೋರ್ಡ್‌ನಲ್ಲಿ ಬರೆದರೆ ಯಾರಿಗೂ ಅರ್ಥವಾಗದು. ‘ಮೆರುಗು’ ಎರಡಕ್ಕೂ ಒಪ್ಪುತ್ತದೆ, ಹಾಗಾಗಿ ಇಲ್ಲಿ ಪ್ರಯೋಜನ ಇಲ್ಲ. ‘ಬೆಳಗು’ ಒಂದೇ ನನಗೆ ಸರಿ ಕಾಣುತ್ತಿದೆ. ‘ಕಾರು ಬೆಳಗಿ ಕೊಡುತ್ತೇವೆ’. ಆದರೆ ತಮ್ಮನ ಆಕ್ಷೇಪಣೆ ಇದೆ. ಆರತಿ ಬೆಳಗಿದ ಹಾಗೆ ಕೇಳುತ್ತದೆ ಅಂತಾನೆ, ಅದೂ ಆಯುಧಪೂಜೆ ಸಮಯದಲ್ಲಿ.

ವ್ಯಾಕ್ಸ್‌ಗೆ ‘ಮೇಣ’ ಇದೆ, ಸುಮ್ನೆ ಹಾಕಿಬಿಡಬಹುದು ಅಂದುಕೊಂಡಿದ್ದೆ. ನನ್ನ ಹೆಂಡತಿ ಸಕಲೇಶಪುರದ ಕಡೆಯವಳು. ‘ಕಾರಿಗೆ ಮೇಣ ಹಚ್ಚುವುದಾ, ಅಂಟು ಬಿಡಿಸೋದು ಯಾರು?’ ಅಂದಳು. ಹಲಸಿನ ಹಣ್ಣು ಬಿಡಿಸುವವರಿಗೆ ಮೇಣ ಅಂದರೆ ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ದೂರ ಇಡಬೇಕಾದ ವಸ್ತು. ಮೇಣದಬತ್ತಿಯ ಮೇಣ ಬಯಲುಸೀಮೆಯವರಿಗೆ ಮೊದಲು ನೆನಪಾಗುತ್ತದೆ, ಮಲೆನಾಡಿನವರಿಗೆ ಹಲಸಿನ ಮೇಣ. ಕಾರಿಗೆ ಹಚ್ಚುವ ಮೇಣಗಳಲ್ಲಿ ಹೆಸರಾದದ್ದು ಕಾರ್ನೌಬಾ ಮೇಣ. ಬ್ರೆಜಿಲ್‌ನ ಒಂದು ತಾಳೆಜಾತಿಯ ಮರದ ಎಲೆಯಿಂದ ತೆಗೆಯುತ್ತಾರೆ. ಜೇನುಮೇಣ 62–64 ಡಿಗ್ರಿಗೆ ಕರಗಿದರೆ ಇದು ಕರಗಲು 80 ಡಿಗ್ರಿ ದಾಟಬೇಕು. ಒಣಗಿದ ಮೇಲೆ ಅಂಟುವುದಿಲ್ಲ, ಬದಲಿಗೆ ನೀರು ಹನಿಹನಿಯಾಗಿ ಜಾರುತ್ತದೆ. ‘ಮೇಣದ ಹೊದಿಕೆ’ ಅಂದರೆ ಆ ಅಂಟಿನ ಯೋಚನೆ ಹೋಗುತ್ತದಾ?

ಕೊನೆಯದಾಗಿ ‘ಹೊತ್ತು’. ತಮ್ಮನ ಹುಡುಗ ಫೋನಿನಲ್ಲಿ ಬರೆದುಕೊಟ್ಟ ಕರಡಿನಲ್ಲಿ ‘ಪಾಲಿಶ್ ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ’ ಅಂತಿತ್ತು. ಇದು ಎಲ್ಲ ಕಡೆ ಜಾಸ್ತಿ ಆಗುತ್ತಿದೆ. ಕನ್ನಡದಲ್ಲಿ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ಇಲ್ಲವೇ ಬೇಕಾಗುತ್ತದೆ. ಧಾರವಾಡದ ಗೆಳೆಯನೊಬ್ಬ ‘ನಾಕು ತಾಸು ಹಿಡೀತದ’ ಅಂತ ಎಷ್ಟು ಸಲೀಸಾಗಿ ಹೇಳಿದ! ನಮ್ಮ ಕಡೆ ತಾಸು ಬಳಕೆಯಲ್ಲಿ ಕಡಿಮೆ, ಗಂಟೆಯೇ ಇರಲಿ. ಆದರೆ ‘ಹಿಡಿಯುತ್ತದೆ’ಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಈಗ ಬೋರ್ಡ್ ಹೀಗಿದೆ:

ತೊಳೆದು ಒರೆಸಲು ಮುಕ್ಕಾಲು ಗಂಟೆ ಹಿಡಿಯುತ್ತದೆ.
ಗೀರು ತೆಗೆದು ಬೆಳಗಲು ಮೂರರಿಂದ ನಾಲ್ಕು ಗಂಟೆ. ಗೀರು ಜಾಸ್ತಿ ಇದ್ದರೆ ಇಡೀ ದಿನ.
ಮೇಣದ ಹೊದಿಕೆಗೆ ಒಂದು ಗಂಟೆ.
ಮೂರೂ ಬೇಕಾದರೆ ಬೆಳಗ್ಗೆ ಬಿಟ್ಟು ಸಂಜೆ ಬನ್ನಿ.

ಮೇಣದ ಸಾಲಿಗೆ ಒಂದು ಗಂಟೆ ಯಾಕೆ ಅಂದರೆ ಹಚ್ಚಿದ ಮೇಲೆ ಹತ್ತು ನಿಮಿಷ ಕಾಯಬೇಕು. ಅದು ಬೆಳ್ಳಗೆ ಮಂಕು ಕಟ್ಟಿದ ಮೇಲೆಯೇ ಒರೆಸುವುದು. ಈ ‘ಮಂಕು ಕಟ್ಟುವುದು’ ಕೂಡ ನಾನೇ ಇಟ್ಟ ಹೆಸರು, ಗ್ಯಾರೇಜಿನಲ್ಲಿ ಬೇರೆ ಮಾತು ಇದ್ದರೆ ತಿಳಿಸಿ.

ನಿಮ್ಮನ್ನು ಕೇಳಬೇಕಾದ್ದು ಎರಡು. ನಿಮ್ಮ ಊರಿನಲ್ಲಿ ಪಾತ್ರೆ ತಿಕ್ಕುವುದಕ್ಕೂ ಬೆಳಗುವುದಕ್ಕೂ ಬೇರೆ ಬೇರೆ ಅರ್ಥ ಇದೆಯಾ? ಪಾತ್ರೆ ಬಿಟ್ಟು ಬೇರೆ ವಸ್ತುವಿಗೆ, ಬೀಗಕ್ಕೋ ಕಂಬಕ್ಕೋ ಗಾಡಿಗೋ, ‘ಬೆಳಗು’ ಅನ್ನುವುದನ್ನು ಕೇಳಿದ್ದೀರಾ? ಬೋರ್ಡ್ ಬರೆಯುವವರು ಮುಂದಿನ ಗುರುವಾರ ಬರುತ್ತಾರೆ.