ಮಕರಧ್ವಜಕ್ಕೆ ಹಾಕಿದ ಚಿನ್ನ ಎಲ್ಲಿ ಹೋಗುತ್ತೆ?

ಬಸವನಗುಡಿ_ಓದುಗ:
ಮಾರ್ಕೆಟ್ ಹತ್ತಿರದ ಗ್ರಂಥಿಗೆ ಅಂಗಡಿಗಳಲ್ಲಿ ಮಕರಧ್ವಜ (ಚಿನ್ನ, ಪಾದರಸ, ಗಂಧಕ ಸೇರಿಸಿ ಕಾಯಿಸೋ ಆಯುರ್ವೇದ ಔಷಧ) ಕೇಳಿದರೆ "ಚಿನ್ನ ಸೇರಿದೆ, ಮುಪ್ಪು ಹತ್ತಿರ ಸುಳಿಯಲ್ಲ" ಅಂತಾರೆ. ಗ್ರಂಥದ ಪಾಠದ ಪ್ರಕಾರ ಚಿನ್ನ 1 ಭಾಗ, ಪಾದರಸ 8, ಗಂಧಕ 16. ಚಿನ್ನ ಕುದಿಯೋಕೆ 2800 ಡಿಗ್ರಿ ದಾಟಬೇಕು, ಇದನ್ನೆಲ್ಲ ತುಂಬಿದ ಬಾಟಲಿಯನ್ನ ಮರಳಲ್ಲಿ ಹೂತು ಕಾಯಿಸೋ ಒಲೆ 650ರ ಆಸುಪಾಸಿಗೆ ನಿಲ್ಲುತ್ತೆ. ಹಾಗಾದರೆ ಬಾಟಲಿ ಕುತ್ತಿಗೆಯಲ್ಲಿ ಕೂರೋ ಕೆಂಪು ಗಟ್ಟಿಗೆ ಚಿನ್ನ ಹೇಗೆ ಬಂತು? ಇಷ್ಟೊಂದು ಗಂಧಕ ಯಾಕೆ? ಬಾಟಲಿ ಒಡೆಯೋದು ಯಾವ ಹಂತದಲ್ಲಿ? ಮನೇಲಿ ಮಾಡೋ ಹುಚ್ಚು ಇಲ್ಲ, ಅರ್ಥ ಆದರೆ ಸಾಕು.

ಖಲ್ವದಕಲ್ಲು:
ಬರಲ್ಲ ಸಾರ್. ಚಿನ್ನ ತಳದಲ್ಲೇ ಕೂತಿರುತ್ತೆ. ಮೇಲೇರೋದು ಪಾದರಸದ ಸಲ್ಫೈಡ್, ಅಂದರೆ ನಮ್ಮ ಇಂಗಳೀಕವೇ.

ಲೆಕ್ಕ ನೋಡಿ. ಚಿನ್ನ 5 ಗ್ರಾಂ, ಪಾದರಸ 40, ಗಂಧಕ 80. ಆ 40 ಗ್ರಾಂ ಪಾದರಸ ಹಿಡಿದಿಟ್ಟುಕೊಳ್ಳೋದು ಸುಮಾರು 6.4 ಗ್ರಾಂ ಗಂಧಕ ಮಾತ್ರ. ಒಂದು ಚೂರೂ ಪೋಲಾಗದಿದ್ದರೂ ಕೈಗೆ ಸಿಗೋದು 46.4 ಗ್ರಾಂ. ಮಿಕ್ಕ 73 ಚಿಲ್ಲರೆ ಗ್ರಾಂ ಗಂಧಕ ಬಾಟಲಿ ಬಾಯಲ್ಲಿ ನೀಲಿ ಉರಿಯಾಗಿ ಸುಟ್ಟುಹೋಗುತ್ತೆ. ಶಾಸ್ತ್ರದವರು ಇದನ್ನ ಗಂಧಕ ಜಾರಣ ಅಂತಾರೆ, ಎಷ್ಟು ಪಟ್ಟು ಜೀರ್ಣವಾದರೆ ಅಷ್ಟು ಗುಣ ಅನ್ನೋದು ಅವರ ನಂಬಿಕೆ. ರಸಾಯನದ ಕಣ್ಣಲ್ಲೂ ಸ್ವಲ್ಪ ಅರ್ಥ ಇದೆ: ಸುತ್ತ ಗಂಧಕದ ಆವಿ ತುಂಬಿರುವಾಗ ಪಾದರಸ ಬಿಡಿಯಾಗಿ ಉಳಿಯೋದು ಕಷ್ಟ.

ಕೆಲಸ ಕೆಡೋದು ಬಹಳ ಸಲ ಒಲೆಗಿಂತ ಮೊದಲೇ, ಖಲ್ವದಲ್ಲಿ, ಅಂದರೆ ಅರೆಯೋ ಕಲ್ಲಲ್ಲಿ. ಚಿನ್ನದ ರೇಕನ್ನ ಮೊದಲು ಪಾದರಸದ ಜೊತೆ ಅರೆದು ಬೆಣ್ಣೆಯ ಹಾಗೆ ಮಾಡಬೇಕು, ಆಮೇಲೆ ಗಂಧಕ ಸ್ವಲ್ಪಸ್ವಲ್ಪ. ಕಾಡಿಗೆಯಂಥ ಕಪ್ಪು ಪುಡಿ, ಅಂದರೆ ಕಜ್ಜಳಿ ಬಂತು ಅನ್ನಿಸಿದಾಗ ಚಿಟಿಕೆ ತೆಗೆದು, ಒಂದು ಹನಿ ನೀರು ಹಾಕಿ ತಿಕ್ಕಿ ಬಿಸಿಲಿಗೆ ಹಿಡಿದು ನೋಡೋದು ಹಳೇ ಪರೀಕ್ಷೆ (ಈಗ ಕೈಗವಸು ಹಾಕಿಕೊಂಡು). ಒಂದು ಚುಕ್ಕೆ ಮಿಂಚಿದರೂ ಬಿಡಿ ಪಾದರಸ ಉಳಿದಿದೆ ಅಂತ. ಅದು 357 ಡಿಗ್ರಿಗೇ ಕುದ್ದು ಹೊಗೆಯ ಜೊತೆ ಹೊರಟುಬಿಡುತ್ತೆ, ಅರೆದಿಲ್ಲದ ಕಜ್ಜಳಿಯಲ್ಲಿ ತೂಕ ಬೀಳೋದು ಇದಕ್ಕೇ. ಮಿಂಚು ಹೋದ ಮೇಲೆ ಕೆಂಪು ಹತ್ತಿ ಹೂವಿನ ರಸ, ಲೋಳೆಸರದ ರಸದಲ್ಲಿ ಭಾವನೆ ಕೊಟ್ಟು (ರಸ ಹಾಕಿ ಅರೆದು) ಪೂರ್ತಿ ಒಣಗಿಸಬೇಕು.

ಮರಳೊಲೆ:
ಬಾಟಲಿ ವಿಷಯ ನಾನು ಹೇಳ್ತೀನಿ. ಈಗ ಕಾಚಕೂಪಿ (ಶಾಸ್ತ್ರದ ಗಾಜಿನ ಬಾಟಲಿ) ಅಂದರೆ ಸಾಮಾನ್ಯವಾಗಿ ಬಿಯರ್ ಬಾಟಲಿ. ಮಣ್ಣು ಮೆತ್ತಿದ ಬಟ್ಟೆ ಏಳು ಸುತ್ತು. ಒಂದು ಒಣಗಿದ ಮೇಲೇ ಇನ್ನೊಂದು. ಗಾಜು 700 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ, ಆಗ ಆಕಾರ ಹಿಡಿದಿಡೋದು ಈ ಕವಚ. ಬೆಂಗಳೂರಿನ ಆಗಸ್ಟ್ ಮೋಡದಲ್ಲಿ ಅವಸರ ಮಾಡಿ ಹಸಿ ಪದರ ಸುತ್ತಿದರೆ ಒಳಗಿನ ತೇವ ಹಬೆಯಾಗಿ ಮಣ್ಣು ಸೀಳುತ್ತೆ. ಕಜ್ಜಳಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತುಂಬಬೇಡಿ, ಗಂಧಕ ಕರಗಿ ಉಕ್ಕೋಕೆ ಜಾಗ ಬೇಕು.

ದೊಡ್ಡ ಅಪಾಯ ಕುತ್ತಿಗೆ ಕಟ್ಟಿಕೊಳ್ಳೋದು. ಕುತ್ತಿಗೆ ಮರಳಿನಿಂದ ಹೊರಗೆ, ತಣ್ಣಗೆ ಇರುತ್ತೆ. ಮೇಲೆ ಬಂದ ಗಂಧಕ ಅಲ್ಲೇ ಹೆಪ್ಪುಗಟ್ಟುತ್ತೆ. ಕೆಂಪಗೆ ಕಾದ ಕಬ್ಬಿಣದ ಸಲಾಕೆ ಎರಡು ಇಟ್ಟುಕೊಂಡು, ಒಂದು ಒಲೆಯಲ್ಲಿರುವಾಗ ಇನ್ನೊಂದರಿಂದ ದಾರಿ ಬಿಡಿಸುತ್ತಲೇ ಇರಬೇಕು. ಸಲಾಕೆ ಇಳಿದಾಗ ಉರಿ ಭಗ್ ಅಂತ ಏಳುತ್ತೆ, ಮುಖ ಬಾಯಿಯ ನೇರಕ್ಕೆ ಇರಬಾರದು.

ಬಿರಡೆ ಹಾಕೋ ಹೊತ್ತೇ ಪರೀಕ್ಷೆ. ನೀಲಿ ಉರಿ ನಿಂತು, ತಳ ಹುಟ್ಟೋ ಸೂರ್ಯನ ಹಾಗೆ ಕೆಂಪಗೆ ಕಂಡು, ಬಾಯಿಗೆ ಹಿಡಿದ ತಾಮ್ರದ ತುಂಡು ಬೆಳ್ಳಗಾದರೆ ಆವಾಗ. ಗಂಧಕ ಇರುವಾಗಲೇ ಮುಚ್ಚಿದರೆ ಸಿಡಿಯುತ್ತೆ. ತಡಮಾಡಿದರೆ ಮಾಲೇ ಗಾಳಿಪಾಲು. ಸುಣ್ಣ-ಬೆಲ್ಲದಿಂದ ಸಂದು ಬಿಗಿದು, ಕುತ್ತಿಗೆ ಬುಡದ ಸುತ್ತಲ ಮರಳು ಸರಿಸಿ, 600 ದಾಟಿಸಿ ಮೂರು ನಾಲ್ಕು ಗಂಟೆ ಉರಿ. ಆಮೇಲೆ ತಾನಾಗಿ ಆರಬೇಕು.

ಅಂದಹಾಗೆ ಆ 73 ಗ್ರಾಂ ಗಂಧಕದಿಂದ ಸುಮಾರು 147 ಗ್ರಾಂ ಸಲ್ಫರ್ ಡೈಆಕ್ಸೈಡ್. ಹೊಗೆಗೂಡು ಇರೋ ಕಾಲೇಜು ಲ್ಯಾಬಿನ ಕೆಲಸ ಇದು, ಅಪಾರ್ಟ್‌ಮೆಂಟ್ ಟೆರೇಸಿನದಲ್ಲ.

ಬಸವನಗುಡಿ_ಓದುಗ:
ಧನ್ಯವಾದ. ಮುಪ್ಪು ಹಿಂದಿರುಗೋ ಮಾತು?

ಖಲ್ವದಕಲ್ಲು:
ಅದಕ್ಕೆ ಆಧಾರ ಇಲ್ಲ. ತಮಾಷೆ ಅಂದರೆ ಶಾಸ್ತ್ರದ ಲೆಕ್ಕದಲ್ಲೂ ಅಂಗಡಿಯ ಡಬ್ಬಿಯಲ್ಲಿರೋದು ಮುಪ್ಪು ಕಳೆಯೋ ಆ ರಸ (ಸಿದ್ಧಪಡಿಸಿದ ಪಾದರಸ) ಅಲ್ಲ. ಪಾದರಸಕ್ಕೆ ಹದಿನೆಂಟು ಸಂಸ್ಕಾರ, ಅಂದರೆ ಶುದ್ಧಿ ಮಾಡಿ ಹದಗೊಳಿಸೋ ಹಂತಗಳು. ಸ್ವೇದನದಿಂದ ದೀಪನದವರೆಗಿನ ಎಂಟು ಔಷಧಕ್ಕೆ ಸಾಕು. ದೇಹಸಿದ್ಧಿಗೆ (ಮುಪ್ಪಿಲ್ಲದ ದೇಹಕ್ಕೆ) ಪಾದರಸಕ್ಕೆ ಅಭ್ರಕ ನುಂಗಿಸೋದು, ಜಾರಣ (ನುಂಗಿದ್ದನ್ನ ಜೀರ್ಣ ಮಾಡಿಸೋದು), ವೇಧ (ಲೋಹವನ್ನ ಚಿನ್ನ ಮಾಡೋದು) ಎಲ್ಲಾ ಆಗಬೇಕು; ಮೊದಲು ಲೋಹದ ಮೇಲೆ ಪರೀಕ್ಷೆ, ಆಮೇಲೆ ದೇಹ. ತಾಮ್ರವನ್ನ ಚಿನ್ನ ಮಾಡದ ರಸ ಮುದುಕನನ್ನ ಹುಡುಗ ಮಾಡಲ್ಲ ಅಂತ ಅವರೇ ಒಪ್ಪಿದ ಹಾಗಾಯ್ತು! ಇನ್ನು ಗೋರಕ್ಷನ ವಜ್ರಕಾಯವನ್ನ ಅಲ್ಲಮ ಏನು ಮಾಡಿದ ಅಂತ ಕನ್ನಡದವರಿಗೆ ಹೇಳಬೇಕಿಲ್ಲ.

ಸಲ್ಫೈಡ್ ನೀರಲ್ಲಿ ಬಹುತೇಕ ಕರಗಲ್ಲ, ಆದ್ದರಿಂದ ದೇಹಕ್ಕೆ ಸೇರೋದು ಕಡಿಮೆ. ಕಡಿಮೆ ಅಂದರೆ ಸೊನ್ನೆ ಅಲ್ಲ. ಬಿಡಿ ಪಾದರಸ ಉಳಿದಿದ್ದರೆ ಮೂತ್ರಪಿಂಡಕ್ಕೂ ನರಕ್ಕೂ ಪೆಟ್ಟು. ಪಾದರಸ, ಇಂಗಳೀಕ ಎರಡೂ ಔಷಧ ನಿಯಮಗಳ ಶೆಡ್ಯೂಲ್ ಇ(1)ರ ವಿಷದ್ರವ್ಯ ಪಟ್ಟಿಯಲ್ಲಿವೆ. ವೈದ್ಯರ ನಿಗಾ ಇಲ್ಲದೆ ತಗೋಬೇಡಿ.

ಮರಳೊಲೆ:
ಒಂದು ಬಿಟ್ಟುಹೋಯ್ತು. ಬಾಟಲಿ ಸುತ್ತಿಗೆಯಿಂದ ಒಡೆಯಲ್ಲ. ಕವಚ ಕೆರೆದು, ಕುತ್ತಿಗೆಯ ಗಟ್ಟಿಗಿಂತ ಕೆಳಗೆ ಸೀಮೆಎಣ್ಣೆಯಲ್ಲಿ ನೆನೆಸಿದ ದಾರ ಸುತ್ತಿ ಹಚ್ಚಿ, ಉರಿದು ಮುಗಿದ ಕೂಡಲೇ ಒದ್ದೆ ಬಟ್ಟೆ ಸುತ್ತಿದರೆ ಟಕ್ ಅಂತ ದಾರದ ಗೆರೆಯಲ್ಲೇ ಬಿರಿಯುತ್ತೆ. ಇಲ್ಲದಿದ್ದರೆ ಗಾಜಿನ ಚೂರು ಮಾಲಿಗೆ ಸೇರಿಕೊಳ್ಳುತ್ತೆ, ಅರೆದಾಗ ಕಣ್ಣಿಗೂ ಕಾಣಲ್ಲ.