ಸಹಾಯ ಬೇಕು: ಸ್ಟಿಕರ್ ಹಿಂದಿನ ಪೇಪರ್‌ಗೆ ಸೀಳು ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಷೀನ್ 54 ಇಂಚಿನ ಇಕೋ ಸಾಲ್ವೆಂಟ್ (ಸಾಲ್ವೆಂಟ್ ಇಂಕಿನ) ಪ್ರಿಂಟರ್, ಪ್ರಿಂಟ್ ಮತ್ತು ಕಟ್ ಎರಡೂ ಇದೆ. ಪಾರ್ಟಿಗೆ 75 ಎಂಎಂ ರೌಂಡ್ ಸ್ಟಿಕರ್ ಬಿಡಿಬಿಡಿಯಾಗಿ ಬೇಕು. ಸ್ವಲ್ಪ ಬಗ್ಗಿಸಿದರೆ ಹಿಂದಿನ ಪೇಪರ್ ನಡುವೆ ಎರಡು ಹೋಳಾಗಿ ಏಳಬೇಕು, ಉಗುರು ಹಾಕುವಂತಿರಬಾರದು.

100 ಮೈಕ್ರಾನ್ ವಿನೈಲ್, 140 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ರಿಲೀಸ್ ಪೇಪರ್, ಅಂದರೆ ಸ್ಟಿಕರ್ ಹಿಂದಿನ ಪೇಪರ್. ಪ್ರಿಂಟ್ ಆದಮೇಲೆ 24 ಗಂಟೆ ಒಣಗಲು ಬಿಟ್ಟು ಕೋಲ್ಡ್ ಲ್ಯಾಮಿನೇಷನ್ (ಅವಸರ ಮಾಡಿದರೆ ಸಾಲ್ವೆಂಟ್ ಒಳಗೇ ಉಳಿದು ಅಂಚು ಸುರುಳುತ್ತದೆ). ಆಮೇಲೆ ಹಾಳೆ ಮಗುಚಿ ಪೇಪರ್ ಕಡೆಯಿಂದ ನೇರ ಗೆರೆಗಳ ಹಾಫ್ ಕಟ್ (ಪೇಪರ್ ಮಾತ್ರ ಸೀಳುವುದು), ಮತ್ತೆ ತಿರುಗಿಸಿ, ಪ್ರಿಂಟ್ ಮಾಡಿದ ಗುರುತಿನ ಮಾರ್ಕ್ ಮಷೀನಿಗೆ ಓದಿಸಿ ಫುಲ್ ಕಟ್ (ಪೂರ್ತಿ ಆರಪಾರ). ಸೀಳು ಒಂದೆರಡು ಎಂಎಂ ಆಚೀಚೆ ಆದರೂ ಪರವಾಗಿಲ್ಲ, ಹಾಗಾಗಿ ಅಳತೆಯದ್ದು ಸಮಸ್ಯೆಯಲ್ಲ.

ಸಮಸ್ಯೆ ಆಳದ್ದು. ಬ್ಲೇಡ್ 45 ಡಿಗ್ರಿ. 100 ಗ್ರಾಂ ಒತ್ತಡಕ್ಕೆ ಪೇಪರಿನ ನಾರು ಉಳಿದು ಬಗ್ಗಿಸಿದಾಗ ಹರಿಯುತ್ತದೆ. 120ಕ್ಕೆ ಏರಿಸಿದರೆ ಅಂಟು ದಾಟಿ ವಿನೈಲಿಗೆ ತಾಗಿ, ಮುಂಭಾಗದಲ್ಲಿ ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತದೆ. ಒಂದೇ ಹಾಳೆಯಲ್ಲಿ ಎರಡೂ ಆಗುತ್ತಿದೆ. ಕಟಿಂಗ್ ಸ್ಟ್ರಿಪ್ (ಬ್ಲೇಡ್ ಕೆಳಗಿನ ಪಟ್ಟಿ) ಹೊಸದು. ಬ್ಲೇಡಿಗೆ ಅಂಟು ಮೆತ್ತಿಕೊಂಡು ಆಮೇಲಿನ ಗೆರೆಗಳು ಎಳೆದಂತಾಗುವುದೂ ಇದೆ.

ಮೊದಲೇ ಸೀಳಿದ ರೋಲ್ ಬೇಡ: ಹೀಟರ್ ಶಾಖಕ್ಕೆ ಸೀಳಿನ ಮೇಲೆ ಮೀಡಿಯಾ (ವಿನೈಲ್ ಹಾಳೆ) ಉಬ್ಬಿದರೆ ಪ್ರಿಂಟ್ ಹೆಡ್‌ಗೆ ತಾಗುತ್ತದೆ.

ಒತ್ತಡ ಹಾಗೇ ಇಟ್ಟು, ಬ್ಲೇಡ್ ಹೊರಚಾಚುವುದನ್ನು ಪೇಪರ್ ದಪ್ಪಕ್ಕೇ ಸೀಮಿತ ಮಾಡಿ ಯಾರಾದರೂ ಗೆದ್ದಿದ್ದೀರಾ? ಸೀಳಿಗೆ 60 ಡಿಗ್ರಿ ಬ್ಲೇಡ್ ವಾಸಿಯೇ? ಇಲ್ಲವಾದರೆ ಸೀಳು ಬಿಟ್ಟು, ಸ್ಟಿಕರ್ ಸುತ್ತ 3 ಎಂಎಂ ಪೇಪರ್ ಹೆಚ್ಚಿಗೆ ಉಳಿಸಿ ಕೊಡುವುದೊಂದೇ ದಾರಿ. ಪಾರ್ಟಿ ಒಪ್ಪುವುದು ಅನುಮಾನ. ನಿಮ್ಮ ಸೆಟ್ಟಿಂಗ್ ಜೊತೆ ಪೇಪರ್ ಜಿಎಸ್‌ಎಂ ಕೂಡ ಹಾಕಿ.